ಆಸ್ಪತ್ರೆಯ ಸೋಂಕು ಮತ್ತು ನಮ್ಮ ಶುಶ್ರೂಷಾ ಪ್ರಬಂಧಗಳು

ಆಸ್ಪತ್ರೆಯೊಳಗೆ ಹರಡುವ ಸೋಂಕನ್ನು ತಡೆಗಟ್ಟುವ ವಿಷಯವಾಗಿ ನಮ್ಮ ನಾಡಿನ ಶುಶ್ರೂಷಾ ವಿದ್ಯಾಲಯಗಳಲ್ಲಿ ರಚಿತವಾಗುತ್ತಿರುವ ಸ್ನಾತಕೋತ್ತರ ಪ್ರಬಂಧಗಳು ಸಂಖ್ಯೆಯಲ್ಲಿ ಅಲ್ಪವಲ್ಲ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಸ್ಥಾಪಿತವಾದ ಮೇಲೆ ಈ ಬರವಣಿಗೆ ಒಂದು ಗೊತ್ತಾದ ರೂಪವನ್ನು ಪಡೆದಿದೆ. ಇತಿಹಾಸದ ಅಧ್ಯಾಪಕನಿಗೆ ಇದರಲ್ಲಿ ಏನು ಕೆಲಸವೆಂದು ಓದುಗರು ಕೇಳಬಹುದು. ದಾವಣಗೆರೆ ಹರಿಹರಗಳ ಆಸ್ಪತ್ರೆಗಳ ಚರಿತ್ರೆಯನ್ನು ಮುಂದೆ ಬರೆಯಹೊರಡುವವನಿಗೆ ಇಂಥ ಪ್ರಬಂಧಗಳೇ ಆಕರಗಳಾಗಬೇಕು. ಅವು ಆಕರಗಳಾಗಬಲ್ಲವೆ ಎಂಬುದೇ ಇಲ್ಲಿಯ ಪ್ರಶ್ನೆ.

ಇವುಗಳಲ್ಲಿ ಬಹಳಷ್ಟು ಒಂದೇ ಎರಕದವು. 'ಆಯ್ದ ಆಸ್ಪತ್ರೆಯೊಂದರ' ದಾದಿಯರಿಗೆ ಮೊದಲು ಒಂದು ಪ್ರಶ್ನಪತ್ರಿಕೆಯನ್ನು ಕೊಡುತ್ತಾರೆ. ಬಳಿಕ ಕೈ ತೊಳೆಯುವ ಕ್ರಮ, ಮೂತ್ರದ ಕೊಳವೆಯ ಆರೈಕೆ, ಬಳಸಿದ ಸೂಜಿಗಳ ವಿಲೇವಾರಿ ಮುಂತಾದವುಗಳನ್ನು ಕುರಿತು ಒಂದು ಪಾಠವಾಗುತ್ತದೆ. ಕೆಲವು ದಿನಗಳ ಅನಂತರ ಅದೇ ಪ್ರಶ್ನಪತ್ರಿಕೆ ಮತ್ತೆ ಬರುತ್ತದೆ. ಅಂಕಗಳು ಏರಿರುತ್ತವೆ, ಆ ಏರಿಕೆ ಆಕಸ್ಮಿಕವಲ್ಲವೆಂದು ಸಂಖ್ಯಾಶಾಸ್ತ್ರದ ಮೂಲಕ ಸಾಧಿಸಲಾಗುತ್ತದೆ. ಪಾಠ ಕೇಳಿದ ಮೇಲೂ ಅಂಕಗಳು ಏರದಿದ್ದರೆ ಅಲ್ಲವೆ ನಾವು ಆಶ್ಚರ್ಯಪಡಬೇಕಾದುದು! ದಾದಿಯರ ಕೆಲಸವನ್ನೇ ನಿಂತು ನೋಡಿ ಗುರುತುಹಾಕಿಕೊಂಡ ಪ್ರಬಂಧಗಳೂ ಇಲ್ಲದಿಲ್ಲ. ಅವುಗಳ ಬೆಲೆ ಹೆಚ್ಚು. ಆದರೆ ರೋಗಿಗೆ ಏನಾಯಿತೆಂಬ ಮಾತು ಅವುಗಳಲ್ಲಿಯೂ ವಿರಳ.

1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಮಾಡಿದ ಕೆಲಸವನ್ನು ಇದರೊಡನೆ ಹೋಲಿಸಿ ನೋಡಬೇಕು. ಅಲ್ಲಿ ಎರಡು ವಿಭಾಗಗಳಿದ್ದುವು. ವೈದ್ಯರೂ ವೈದ್ಯವಿದ್ಯಾರ್ಥಿಗಳೂ ಇದ್ದ ವಿಭಾಗದಲ್ಲಿ ಬಾಣಂತಿ ಜ್ವರದಿಂದ ಸಾಯುವವರು ಹೆಚ್ಚು. ಸೂಲಗಿತ್ತಿಯರು ಕಲಿಯುತ್ತಿದ್ದ ವಿಭಾಗದಲ್ಲಿ ಬಹಳ ಕಡಿಮೆ. ಈ ವ್ಯತ್ಯಾಸವೇ ಅವನನ್ನು ಯೋಚನೆಗೆ ಹಚ್ಚಿತು. ಶವಪರೀಕ್ಷೆಯಿಂದ ಬಂದವರು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟುಮಾಡಿದನು. ಏಪ್ರಿಲ್ ತಿಂಗಳಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ವೇಳೆಗೆ ಸುಮಾರು 2ಕ್ಕೆ ಇಳಿಯಿತು. ರೋಗಾಣುಗಳ ಸಿದ್ಧಾಂತವು ಆಗಿನ್ನೂ ಸ್ಥಾಪಿತವಾಗಿರಲಿಲ್ಲ. ನಮ್ಮ ಇಂದಿನ ಪ್ರಶ್ನಪತ್ರಿಕೆಯಲ್ಲಿ ಸೆಮ್ಮೆಲ್‌ವೈಸ್‌ನಿಗೆ ಎಷ್ಟು ಅಂಕ ಬರುತ್ತಿತ್ತೋ ಹೇಳಲಾಗದು! ಆದರೆ ಅವನು ಸಾವುಗಳನ್ನು ತಿಂಗಳು ತಿಂಗಳಿಗೆ, ವಿಭಾಗ ವಿಭಾಗಕ್ಕೆ ಎಣಿಸಿಟ್ಟನು.

ಈಚಿನ ನಿದರ್ಶನವೂ ಉಂಟು. ಜಿನೀವಾದ ಆಸ್ಪತ್ರೆಯಲ್ಲಿ ಡಿಡಿಯೆ ಪಿತೆ ಮತ್ತು ಸಂಗಡಿಗರು 1994ರಿಂದ 1997ರವರೆಗೆ, ಕೈ ಶುದ್ಧಿಮಾಡಿಕೊಳ್ಳಬೇಕಾದ 20,000ಕ್ಕೂ ಹೆಚ್ಚು ಸಂದರ್ಭಗಳನ್ನು ಕಣ್ಣಾರೆ ನೋಡಿ ದಾಖಲಿಸಿದರು. ಮದ್ಯಸಾರದ ದ್ರಾವಣವನ್ನು ರೋಗಿಯ ಹಾಸಿಗೆಯ ಬಳಿಗೇ ಒದಗಿಸಿದರು. ನಿಯಮದ ಪಾಲನೆ ನೂರಕ್ಕೆ 48ರಿಂದ 66ಕ್ಕೆ ಏರಿತು. ಆಸ್ಪತ್ರೆಯ ಸೋಂಕು 16.9ರಿಂದ 9.9ಕ್ಕೆ ಇಳಿಯಿತು. ದಾದಿಯರು ಸುಧಾರಿಸಿದರು, ವೈದ್ಯರು ಅಷ್ಟಾಗಿ ಸುಧಾರಿಸಲಿಲ್ಲ ಎಂಬುದು ಆ ವರದಿಯ ಒಂದು ಸ್ವಾರಸ್ಯ. ನಮ್ಮ ಪ್ರಬಂಧಗಳಲ್ಲಿ ಪರೀಕ್ಷೆಗೆ ಕುಳಿತುಕೊಳ್ಳುವವರು ಮಾತ್ರ ಯಾವಾಗಲೂ ದಾದಿಯರೇ.

'ಆಯ್ದ ಆಸ್ಪತ್ರೆ' ಎಂಬ ಮಾತಿನಲ್ಲಿ ಎಷ್ಟು ಸಂಗತಿಗಳು ಮರೆಯಾಗುತ್ತವೆ! ಕರೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕಾರ್ಮಿಕನೊಬ್ಬನ ಬೆರಳು ಯಂತ್ರಕ್ಕೆ ಸಿಕ್ಕಿತೆಂದು ಭಾವಿಸೋಣ. ಎಣ್ಣೆ, ಲೋಹದ ಚೂರು ಸೇರಿದ ಗಾಯದೊಡನೆ ಅವನು ವಾರ್ಡಿಗೆ ಬರುತ್ತಾನೆ. ಆ ಗಾಯ ಕೀವಾಗುವುದೂ ಮಾಯುವುದೂ ದಾದಿಯ ಅಂಕಗಳನ್ನು ಮಾತ್ರ ಅವಲಂಬಿಸಿದೆಯೆ? ದಾವಣಗೆರೆ ನಗರವು ತುಂಗಭದ್ರೆಯನ್ನೂ ಭದ್ರಾ ನಾಲೆಯಿಂದ ತುಂಬುವ ಕುಂದವಾಡದಂಥ ಕೆರೆಗಳನ್ನೂ ನಂಬಿರುವ ಊರು. ಬೇಸಗೆಯಲ್ಲಿ ಇಲ್ಲಿ ನೀರಿನ ಮಾತು ಬೇರೆಯೇ. ವಾರ್ಡಿನಲ್ಲಿ ನಲ್ಲಿಗಳೆಷ್ಟು, ಅವುಗಳಲ್ಲಿ ನೀರು ಬರುವ ಹೊತ್ತು ಯಾವುದು, ರಾತ್ರಿಯ ಸರದಿಯಲ್ಲಿ ಒಬ್ಬ ದಾದಿಗೆ ಎಷ್ಟು ರೋಗಿಗಳು ಎಂಬುದನ್ನು ಹೇಳದೆ ಜ್ಞಾನದ ಕೊರತೆಯನ್ನಷ್ಟೇ ಹೇಳಿದರೆ, ದೋಷವೆಲ್ಲ ಓದುಗನ ಮನಸ್ಸಿನಲ್ಲಿ ದಾದಿಯ ಮೇಲೆಯೇ ನಿಲ್ಲುತ್ತದೆ. ಇದು ಅನ್ಯಾಯ.

ವಿದ್ಯಾರ್ಥಿನಿಯರ ಕಷ್ಟವೂ ನಿಜವಾದುದೇ. ಎರಡು ವರ್ಷದ ವ್ಯಾಸಂಗದಲ್ಲಿ ಪ್ರಬಂಧಕ್ಕೆ ಸಿಕ್ಕುವುದು ಕೆಲವೇ ತಿಂಗಳು. ಸೋಂಕಿನ ಲೆಕ್ಕವನ್ನು ಹೊರಗೆ ಕೊಡಲು ಯಾವ ಆಸ್ಪತ್ರೆಯೂ ಸುಲಭವಾಗಿ ಒಪ್ಪದು. ಆಸ್ಪತ್ರೆಯ ಹೆಸರನ್ನು ಮುಚ್ಚಿಡುವುದು ಅನೇಕ ವೇಳೆ ಒಪ್ಪಂದದ ಮಾತು. ಹೆಸರು ಬೇಡ, ಹಾಸಿಗೆಗಳ ಸಂಖ್ಯೆ, ಋತು, ನೀರಿನ ಸ್ಥಿತಿ ಇವನ್ನು ಬರೆಯಲು ಅಡ್ಡಿಯೇನು?

1959ರಲ್ಲಿ ಇಂಗ್ಲೆಂಡಿನ ಟಾರ್ಬೇ ಆಸ್ಪತ್ರೆಯಲ್ಲಿ ಸೋಂಕು ನಿಯಂತ್ರಣಕ್ಕೆಂದೇ ಒಬ್ಬ ದಾದಿಯನ್ನು ನೇಮಿಸಿದರು. ವಾರ್ಡಿನಲ್ಲಿ ತಲೆದೋರಿದ ಸೋಂಕನ್ನು ಕಂಡುಹಿಡಿದು ದಾಖಲಿಸುವುದು ಆಕೆಯ ಕೆಲಸದ ಮುಖ್ಯ ಭಾಗ. ನಮ್ಮ ವಿದ್ಯಾರ್ಥಿನಿಯೊಬ್ಬಳು ಒಂದೇ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ಮಾರ್ಚಿಯಿಂದ ಮೇವರೆಗೆ ನಿಂತು, ಕಟ್ಟು ಬಿಚ್ಚಿದ ಪ್ರತಿಯೊಂದು ಗಾಯವನ್ನೂ ನೀರು ನಿಂತ ಪ್ರತಿಯೊಂದು ದಿನವನ್ನೂ ಬರೆದಿಟ್ಟರೆ ಸಾಕು. ಪಾಠ ಹೇಳುವ ಭಾಗವನ್ನು ಬಿಟ್ಟರೂ ಆ ಪ್ರಬಂಧಕ್ಕೆ ಪದವಿ ಕೊಡಬಹುದು.