ಹಗೇವೋ, ಸುರಂಗವೋ, ಸೆರೆಯೋ?

ರಷ್ಯನ್ ಸಾಹಿತ್ಯವೆಂದೊಡನೆ ನಮ್ಮ ವಾಚಕರಿಗೆ ನೆನಪಾಗುವ ಹೆಸರುಗಳು ಟಾಲ್‌ಸ್ಟಾಯ್, ದಾಸ್ತೊಯೆವ್ಸ್ಕಿ, ಚೆಕಾಫ್, ಗಾರ್ಕಿ. ಆ ಪಂಕ್ತಿಯಲ್ಲಿ ದ್ಮಿತ್ರಿ ಗ್ಲುಕೊವ್ಸ್ಕಿಗೂ ಒಂದು ಮಣೆ ಹಾಕಬೇಕೆಂದು ನಾನು ವಾದಿಸುವುದಿಲ್ಲ. ಆದರೆ ಪಂಕ್ತಿಯ ಹೊರಗೆ ನಿಂತವನ ಮಾತಿನಲ್ಲಿಯೂ ಕೆಲವೊಮ್ಮೆ ಹುರುಳಿರುತ್ತದೆ. ಅಣುಯುದ್ಧದಲ್ಲಿ ಜಗತ್ತು ಸುಟ್ಟುಹೋದ ಮೇಲೆ ನೆಲದಡಿಯಲ್ಲಿ ಉಳಿದುಕೊಂಡವರ ಕತೆಗಳನ್ನು ನಮ್ಮಲ್ಲಿ ಹುಡುಗರ ಓದು ಎಂದು ತಳ್ಳಿಹಾಕುವುದುಂಟು. ಹುಡುಗರಲ್ಲಿಯೂ ಅನೇಕರು ಅದನ್ನು ಬಲ್ಲದ್ದು ಗಣಕಯಂತ್ರದ ಆಟವಾಗಿ. ಇಂಗ್ಲಿಷ್ ಅನುವಾದದಲ್ಲಿ ಈ ಕಾದಂಬರಿಗಳನ್ನು ಓದಿ ಮುಗಿಸಿದಾಗ, ಇವು ಕೇಳುವ ಪ್ರಶ್ನೆ ಹುಡುಗರದಲ್ಲ, ದೊಡ್ಡವರದು ಎಂದು ನನಗನ್ನಿಸಿತು.

ಗ್ಲುಕೊವ್ಸ್ಕಿ ಹುಟ್ಟಿದ್ದು 1979ರಲ್ಲಿ, ಮಾಸ್ಕೋ ನಗರದಲ್ಲಿ. ಆತನ ‘ಮೆಟ್ರೋ 2033’ ಮೊದಲು 2002ರಲ್ಲಿ ಅಂತರ್ಜಾಲದಲ್ಲಿ ಪ್ರಕಟವಾಗಿ, 2005ರಲ್ಲಿ ಪುಸ್ತಕರೂಪ ತಾಳಿತು. 2009ರಲ್ಲಿ ‘ಮೆಟ್ರೋ 2034’, 2015ರಲ್ಲಿ ‘ಮೆಟ್ರೋ 2035’ ಬಂದವು. ಕತೆಯ ನೆಲೆ ಮಾಸ್ಕೋದ ಭೂಗತ ರೈಲುಮಾರ್ಗ. 1935ರಲ್ಲಿ ಆರಂಭವಾದ ಈ ಮಾರ್ಗ 1941ರಲ್ಲಿ ಜರ್ಮನ್ ವಿಮಾನಗಳು ಬಾಂಬು ಸುರಿಸಿದಾಗ ನಿಜವಾಗಿಯೂ ಜನರಿಗೆ ಆಸರೆಯಾಗಿತ್ತು. ಕಾದಂಬರಿಯಲ್ಲಿ ಯುದ್ಧವಾಗಿ ಇಪ್ಪತ್ತು ವರ್ಷ ಕಳೆದಿದೆ. ಒಂದೊಂದು ನಿಲ್ದಾಣವೂ ಒಂದೊಂದು ಸಂಸ್ಥಾನವಾಗಿದೆ. ಅಣಬೆ ಬೆಳೆಯುತ್ತಾರೆ, ಹಂದಿ ಸಾಕುತ್ತಾರೆ. ಬಂದೂಕಿನ ತೋಟಾಗಳೇ ಅಲ್ಲಿಯ ನಾಣ್ಯ. ಒಂದು ಕಡೆ ವ್ಯಾಪಾರಿಗಳ ಕೂಟ, ಒಂದು ಕಡೆ ಕಮ್ಯುನಿಸ್ಟರು, ಮತ್ತೊಂದು ಕಡೆ ನಾಜಿಗಳು. ಮೇಲೆ ಸತ್ತುಹೋದ ವಾದಗಳೆಲ್ಲ ಕೆಳಗೆ ಸುಖವಾಗಿ ಬದುಕಿವೆ! ಅಂಚಿನ ನಿಲ್ದಾಣವೊಂದರ ತರುಣ ಆರ್ತ್ಯೋಮ್, ತನ್ನವರನ್ನು ಬೆದರಿಸುತ್ತಿರುವ ಯಾವುವೋ ಕತ್ತಲ ಜೀವಿಗಳ ಸುದ್ದಿಯನ್ನು ಹೊತ್ತು, ಸಹಾಯ ಬೇಡಲು ನಿಲ್ದಾಣದಿಂದ ನಿಲ್ದಾಣಕ್ಕೆ ನಡೆಯುತ್ತಾನೆ. ಮೊದಲ ಕಾದಂಬರಿ ಎಂದರೆ ಈ ನಡಿಗೆಯೇ.

ಈ ಪುಸ್ತಕವನ್ನು ಅಳೆಯಲು ನನಗೆ ಮಾಸ್ಕೋದ ಅಳತೆಗೋಲು ಬೇಕಾಗಲಿಲ್ಲ. ಮಂಡ್ಯ ಜಿಲ್ಲೆಯ ಉತ್ತರ, ಪಶ್ಚಿಮ ಭಾಗದ ನಾಲ್ಕು ತಾಲ್ಲೂಕುಗಳೇ ಸಾಕಾದವು. ನೆಲದಡಿ ಎಂದರೆ ಏನೆಂಬುದನ್ನು ಶ್ರೀರಂಗಪಟ್ಟಣ ಒಂದು ರೀತಿಯಲ್ಲಿ ಬಲ್ಲದು, ಪಾಂಡವಪುರ ಇನ್ನೊಂದು ರೀತಿಯಲ್ಲಿ, ಕೃಷ್ಣರಾಜಪೇಟೆ ನಾಗಮಂಗಲಗಳು ಮತ್ತೊಂದು ರೀತಿಯಲ್ಲಿ.

ಶ್ರೀರಂಗಪಟ್ಟಣದ ಕೋಟೆಯೊಳಗೆ ರಂಗನಾಥಸ್ವಾಮಿ ದೇವಾಲಯಕ್ಕೆ ಸಮೀಪದಲ್ಲಿ ಕರ್ನಲ್ ಬೇಲಿಯ ಹೆಸರಿನ ಸೆರೆಮನೆಯಿದೆ. ಇಟ್ಟಿಗೆ ಗಾರೆಗಳ ಕಮಾನು ಚಾವಣಿಯ ಆ ತಗ್ಗಿನೊಳಕ್ಕೆ ಮೆಟ್ಟಿಲಿಳಿದು ಹೋಗಬೇಕು. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಕಾಳಗದಲ್ಲಿ ಸೆರೆಸಿಕ್ಕ ಬೇಲಿ 1782ರಲ್ಲಿ ಈ ಪಟ್ಟಣದಲ್ಲಿಯೇ ಸತ್ತ. ಇದೇ ಯುದ್ಧದಲ್ಲಿ ಸೆರೆಯಾಗಿ ಇಲ್ಲಿಗೆ ಬಂದ ಜೇಮ್ಸ್ ಸ್ಕರಿ ಎಂಬ ಹಡಗಿನ ಹುಡುಗ ಹತ್ತು ವರ್ಷ ಬಂಧನದಲ್ಲಿದ್ದ. ಅವನ ಅನುಭವಕಥನ 1824ರಲ್ಲಿ ಅಚ್ಚಾಯಿತು. ತಪ್ಪಿಸಿಕೊಂಡು ತನ್ನವರನ್ನು ಸೇರಿದಾಗ ಅವನಿಗೆ ಕುರ್ಚಿಯ ಮೇಲೆ ಕೂರುವುದೇ ಕಷ್ಟವಾಯಿತು. ತಾಯಿನುಡಿಯೇ ಬಾಯಲ್ಲಿ ತೊಡರಿತು. ಸೆರೆಯ ನಿಜವಾದ ಕೆಲಸ ಇದು. ಕೈಗೆ ಹಾಕಿದ ಸಂಕೋಲೆಯನ್ನು ಕಮ್ಮಾರ ಬಿಚ್ಚಬಲ್ಲ. ಅಭ್ಯಾಸವಾಗಿಹೋದ ಸೆರೆಯನ್ನು ಬಿಚ್ಚುವವರಾರು?

ಇನ್ನು ಹಗೇವು. ನಾಗಮಂಗಲ, ಕೃಷ್ಣರಾಜಪೇಟೆಗಳ ಮಳೆ ನಂಬಿದ ಊರುಗಳಲ್ಲಿ ರಾಗಿಯನ್ನು ನೆಲದಲ್ಲಿ ತೋಡಿದ ಗುಳಿಗಳಲ್ಲಿ ತುಂಬಿಡುತ್ತಿದ್ದರು. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಒಳಗೆ ಹುಲ್ಲು ಹಾಸಿ, ಕಾಳು ಸುರಿದು, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಭೀಕರ ಬರದಂಥ ಕಾಲದಲ್ಲಿ ಹಗೇವಿದ್ದ ಮನೆಗೂ ಇಲ್ಲದ ಮನೆಗೂ ಇದ್ದ ಅಂತರ ಬದುಕು ಸಾವುಗಳ ಅಂತರ. ಹಗೇವಿನ ವಿಷಯದಲ್ಲಿ ರೈತ ಮರೆಯದ ಮಾತುಗಳು ಎರಡು. ಮೊದಲನೆಯದು, ಅದನ್ನು ಮುಚ್ಚುವುದೇ ಒಂದು ದಿನ ತೆಗೆಯುವುದಕ್ಕಾಗಿ. ಎರಡನೆಯದು, ಒಳಗಿನ ಗಾಳಿ ವಿಷ. ತೆಗೆದೊಡನೆ ಯಾರೂ ಇಳಿಯುವುದಿಲ್ಲ. ದೀಪವನ್ನು ಇಳಿಬಿಟ್ಟು ಅದು ಆರದಿದ್ದರೆ ಮಾತ್ರ ಇಳಿಯುತ್ತಾರೆ. ಕಾಳು ಉಳಿಯುವ ಜಾಗದಲ್ಲಿ ಮನುಷ್ಯ ಉಳಿಯಲಾರ!

ಮೂರನೆಯದು ಪಾಂಡವಪುರ. ಹಿಂದೆ ಹಿರೋಡೆಯಾಗಿದ್ದು, ಇಂಗ್ಲಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್ ಆಗಿದ್ದ ಈ ಊರಿಗೆ ಇಂದಿನ ಹೆಸರು ಬಂದುದು ಪಾಂಡವರು ಇಲ್ಲಿಯ ಕುಂತಿಬೆಟ್ಟದಲ್ಲಿ ತಾಯಿಯೊಡನೆ ತಂಗಿದ್ದರೆಂಬ ನಂಬಿಕೆಯಿಂದ. ಆ ತಾಯಿಮಕ್ಕಳು ಕಾಡು ಸೇರಲು ಉಳಿದಿದ್ದಾದರೂ ಹೇಗೆ? ಅರಗಿನ ಮನೆಗೆ ಬೆಂಕಿ ಬೀಳುವ ಮೊದಲೇ ವಿದುರ ಕಳುಹಿಸಿದ ಅಗೆಯುವವನು ಸುರಂಗ ತೋಡಿದ್ದ. ಸುರಂಗಕ್ಕೆ ಎರಡು ಬಾಯಿ. ಒಂದರಲ್ಲಿ ಹೊಕ್ಕವನು ಇನ್ನೊಂದರಲ್ಲಿ ಹೊರಬರಲೇಬೇಕು. ಅದು ಮನೆಯಲ್ಲ, ದಾರಿ. ಆದರೆ ವ್ಯಾಸರು ಇಲ್ಲೊಂದು ಮುಳ್ಳನ್ನೂ ಇಟ್ಟಿದ್ದಾರೆ. ಆ ರಾತ್ರಿ ಪಾಂಡವರ ಬದಲಿಗೆ ಸುಟ್ಟು ಬೂದಿಯಾದವರು ಒಬ್ಬ ನಿಷಾದ ಹೆಂಗಸು ಮತ್ತು ಅವಳ ಐವರು ಗಂಡುಮಕ್ಕಳು. ಉಳಿದವರ ಕತೆಯನ್ನು ಹೇಳುವಾಗ, ಯಾರ ಬದಲಿಗೆ ಉಳಿದರು ಎಂಬುದನ್ನು ಮಹಾಭಾರತ ಮುಚ್ಚಿಡುವುದಿಲ್ಲ.

ಈಗ ರಷ್ಯನ್ ಕಾದಂಬರಿಗೆ ಹಿಂದಿರುಗೋಣ. ಅದರ ಜನ ನೆಲದಡಿಗೆ ಹೋದದ್ದು ಕಾಳಿನಂತೆ, ಒಂದು ದಿನ ಹೊರಬರುವುದಕ್ಕಾಗಿ. ಅವರು ಸೇರಿದ್ದು ಒಂದು ದಾರಿಯನ್ನು, ಏಕೆಂದರೆ ರೈಲುಮಾರ್ಗವೆಂದರೆ ದಾರಿಯೇ. ಇಪ್ಪತ್ತು ವರ್ಷಗಳಲ್ಲಿ ಆ ಹಗೇವೂ ಆ ಸುರಂಗವೂ ಸೆರೆಮನೆಯಾಗಿ ಮಾರ್ಪಟ್ಟಿವೆ. ಮೇಲಕ್ಕೆ ಹೋಗುವ ಸಾಹಸಿಗಳು ಸಹ ರಾತ್ರಿಯಲ್ಲೇ ಹೋಗುತ್ತಾರೆ. ಕತ್ತಲೆಗೆ ಒಗ್ಗಿದ ಕಣ್ಣು ಬಿಸಿಲನ್ನು ತಾಳದು. ಮೂರನೆಯ ಕಾದಂಬರಿಯಲ್ಲಿ ಆರ್ತ್ಯೋಮ್, ಹೊರಗೆ ಬೇರೆ ಊರುಗಳಲ್ಲಿಯೂ ಜನ ಬದುಕಿದ್ದಾರೆಂದೂ, ರೇಡಿಯೋ ಅಲೆಗಳನ್ನು ಬೇಕೆಂದೇ ಅಡ್ಡಗಟ್ಟಿ ಆ ಸುದ್ದಿಯನ್ನು ಆಳುವವರು ಮುಚ್ಚಿಟ್ಟಿದ್ದಾರೆಂದೂ ಕಂಡುಹಿಡಿಯುತ್ತಾನೆ. ಕಂಡದ್ದನ್ನು ಜನರಿಗೆ ಹೇಳುತ್ತಾನೆ. ಜನ ಏಳುವುದಿಲ್ಲ. ಬಾಗಿಲು ತೆರೆದಿದೆಯೆಂದರೂ ಹೊರಡುವುದಿಲ್ಲ. ಕಾವಲುಗಾರನಿಲ್ಲದ ಸೆರೆಮನೆಯ ಈ ಚಿತ್ರಕ್ಕಾಗಿಯೇ ಈ ಮೂರು ಸಂಪುಟಗಳನ್ನು ಓದಬಹುದೆಂಬುದು ನನ್ನ ಅಭಿಪ್ರಾಯ.

ಇದು ರಷ್ಯನ್ ಸಾಹಿತ್ಯಕ್ಕೆ ಹೊಸ ಮಾತಲ್ಲ. ದಾಸ್ತೊಯೆವ್ಸ್ಕಿ 1864ರಲ್ಲಿಯೇ ನೆಲದಡಿಯ ಮನುಷ್ಯನೊಬ್ಬನನ್ನು ಸೃಷ್ಟಿಸಿದ. ಅವನ ನೆಲಮಾಳಿಗೆ ಇದ್ದುದು ಮನಸ್ಸಿನೊಳಗೆ. ಚೆರ್ನೋಬಿಲ್ ದುರಂತವಾದ 1986ರಲ್ಲಿಯೇ ತೆರೆಕಂಡ ಲೊಪುಶಾನ್‌ಸ್ಕಿಯ ಚಲನಚಿತ್ರ ‘ಸತ್ತ ಮನುಷ್ಯನ ಪತ್ರಗಳು’ ಅಣುಯುದ್ಧದ ನಂತರ ವಸ್ತುಸಂಗ್ರಹಾಲಯವೊಂದರ ನೆಲಮಾಳಿಗೆಯಲ್ಲಿ ಉಳಿದವರ ಕತೆ. ಅದರಲ್ಲಿ ಮುದುಕ ವಿದ್ವಾಂಸ ಸಾಯುತ್ತಾನೆ. ಮಕ್ಕಳು ಮಾತ್ರ ಒಬ್ಬರ ಹಿಂದೊಬ್ಬರು ಹೊರಗಿನ ಹಾಳುಭೂಮಿಗೆ ನಡೆದುಬಿಡುತ್ತಾರೆ. ಅವರು ಸುರಂಗವನ್ನು ಸುರಂಗವೆಂದೇ ತಿಳಿದವರು. ಗ್ಲುಕೊವ್ಸ್ಕಿಯಲ್ಲಿ ಆ ಭರವಸೆ ಇಲ್ಲ. ಭರವಸೆ ಇಲ್ಲದ್ದು ದೋಷವಲ್ಲ, ಅದು ಅವನ ಕಾಲದ ಸಾಕ್ಷ್ಯ.

ದೋಷಗಳು ಬೇರೆಡೆ ಇವೆ. ಮೊದಲ ಕಾದಂಬರಿ ಉದ್ದಕ್ಕೂ ಪೋಣಿಸಿದ ಪ್ರಸಂಗಗಳ ಸರ. ಆರ್ತ್ಯೋಮ್ ಆಪತ್ತಿಗೆ ಸಿಕ್ಕಾಗಲೆಲ್ಲ ಯಾರೋ ಬಂದು ಬಿಡಿಸುತ್ತಾರೆ. ದಾರಿಯಲ್ಲಿ ಎದುರಾದವರೆಲ್ಲ ಒಂದೊಂದು ಉಪನ್ಯಾಸ ಕೊಡುತ್ತಾರೆ. ಹೆಂಗಸರಂತೂ ಬಹುಮಟ್ಟಿಗೆ ಕಾಣುವುದೇ ಇಲ್ಲ. ರಾಗಿ ತುಂಬಿದವರೂ ತೆಗೆದವರೂ ಯಾರೆಂದು ಬಲ್ಲ ನಮ್ಮ ಊರಿನ ವಾಚಕನಿಗೆ ಇದು ಥಟ್ಟನೆ ಹೊಳೆಯುತ್ತದೆ. ಹೆಂಗಸರಿಲ್ಲದ ಹಗೇವು ಎಷ್ಟು ದಿನ ನಡೆದೀತು?

ಇನ್ನೊಂದು ಸಂಗತಿಯನ್ನು ದೋಷವೆನ್ನಬೇಕೋ ಗುಣವೆನ್ನಬೇಕೋ ತಿಳಿಯದು. ಮಾಸ್ಕೋದ ದೊಡ್ಡ ಗ್ರಂಥಾಲಯದ ಕೆಳಗಿನ ನಾಲ್ಕು ನಿಲ್ದಾಣಗಳು ಸೇರಿ ಪೋಲಿಸ್ ಎಂಬ ರಾಜ್ಯವಾಗಿವೆ. ಗ್ರೀಕರ ಮಾತಿನಲ್ಲಿ ಅದಕ್ಕೆ ನಗರವೆಂದು ಅರ್ಥ. ನೆಲದಡಿಯ ನಾಗರಿಕತೆಯ ಮುಕುಟವೇ ಅದು. ಅಲ್ಲಿ ಪುಸ್ತಕಗಳನ್ನು ಕಾಯುವವರು ಬ್ರಾಹ್ಮಣರು, ಆಯುಧ ಹಿಡಿದವರು ಕ್ಷತ್ರಿಯರು! ರಷ್ಯನ್ ವಾಚಕನಿಗೆ ಇದು ಪೂರ್ವದೇಶದ ಅಲಂಕಾರವಾಗಿ ಕಂಡೀತು. ನಮಗೆ ಮೊದಲು ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ. ಜಗತ್ತೇ ಮುಳುಗಿದರೂ ವರ್ಣ ಮುಳುಗಲಿಲ್ಲವಲ್ಲ! ಕಾದಂಬರಿಕಾರನಿಗೆ ಇದರ ತೂಕ ಪೂರ್ತಿ ತಿಳಿದಿತ್ತೆಂದು ನನಗೆ ತೋರಲಿಲ್ಲ.

ಇಷ್ಟಾದರೂ ಮೊದಲ ಕಾದಂಬರಿಯ ಕೊನೆಯ ಪುಟಗಳಲ್ಲಿ ಆತ ನಿಷಾದಿಯ ಬೂದಿಯನ್ನು ಮುಟ್ಟುತ್ತಾನೆ. ಕತ್ತಲ ಜೀವಿಗಳ ಮೇಲೆ ಕ್ಷಿಪಣಿಗಳು ಬೀಳುತ್ತಿರುವ ಹೊತ್ತಿಗೆ, ಅವು ಬಂದದ್ದು ಕೊಲ್ಲಲಿಕ್ಕಲ್ಲ, ಸ್ನೇಹ ಬೇಡಲಿಕ್ಕೆ ಎಂದು ಆರ್ತ್ಯೋಮನಿಗೆ ಅರಿವಾಗುತ್ತದೆ. ಅರಿವಾಗುವ ಹೊತ್ತಿಗೆ ಎಲ್ಲವೂ ಮುಗಿದಿರುತ್ತದೆ. ತಾವು ಉಳಿಯಬೇಕೆಂಬ ಹಟದಲ್ಲಿ ಮನುಷ್ಯರು ಮತ್ತೊಮ್ಮೆ ಸುಟ್ಟರು. ಈ ಅರಿವಿನಿಂದಲೇ ಪುಸ್ತಕ ಸಾಮಾನ್ಯ ಸಾಹಸಕತೆಯ ಮಟ್ಟದಿಂದ ಮೇಲೇಳುತ್ತದೆ.

ಕತೆಯಾಗಿ ಬರೆದದ್ದು ಆಮೇಲೆ ಕತೆಯಾಗಿ ಉಳಿಯಲಿಲ್ಲ. 2022ರ ಫೆಬ್ರವರಿಯಲ್ಲಿ ರಷ್ಯದ ಸೈನ್ಯ ಉಕ್ರೇನಿನ ಮೇಲೆ ಏರಿಹೋದಾಗ ಖಾರ್ಕೀವ್ ನಗರದ ಸಾವಿರಾರು ಜನ ತಮ್ಮ ಭೂಗತ ನಿಲ್ದಾಣಗಳಿಗೆ ಇಳಿದರು. ಮೂರು ತಿಂಗಳು ಅಲ್ಲಿ ರೈಲು ಓಡಲಿಲ್ಲ. ವೇದಿಕೆಯ ಮೇಲೂ ನಿಂತ ಬಂಡಿಗಳಲ್ಲೂ ಸಂಸಾರಗಳು ಮಲಗಿದವು. ಕಾದಂಬರಿಯನ್ನು ಆಟವಾಗಿ ರೂಪಿಸಿ 2010ರಲ್ಲಿ ಹೊರತಂದ ಸಂಸ್ಥೆಯೂ ಉಕ್ರೇನಿನ ಕೀವ್ ನಗರದ್ದೇ. ಯುದ್ಧವನ್ನು ಬಹಿರಂಗವಾಗಿ ಖಂಡಿಸಿದ ಗ್ಲುಕೊವ್ಸ್ಕಿಗೆ, ಆತ ದೇಶದ ಹೊರಗಿರುವಾಗಲೇ, 2023ರ ಆಗಸ್ಟಿನಲ್ಲಿ ಮಾಸ್ಕೋದ ನ್ಯಾಯಾಲಯ ಎಂಟು ವರ್ಷಗಳ ಸಜೆ ವಿಧಿಸಿತು. ಹೊರಗಿನ ಸುದ್ದಿ ಹೇಳಿದ ಆರ್ತ್ಯೋಮನನ್ನು ಅವನ ಜನ ನಂಬಲಿಲ್ಲ. ಒಳಗಿನ ಸುದ್ದಿ ಹೇಳಿದ ಕಾದಂಬರಿಕಾರನನ್ನು ಅವನ ಸರ್ಕಾರ ಕ್ಷಮಿಸಲಿಲ್ಲ.

ಅದೇ ಖಾರ್ಕೀವಿನಲ್ಲಿ 2023ರ ಸೆಪ್ಟೆಂಬರಿನಿಂದ ಭೂಗತ ನಿಲ್ದಾಣಗಳೊಳಗೇ ಮಕ್ಕಳಿಗೆ ಶಾಲೆ ನಡೆಸಲು ತೊಡಗಿದರು. ಪಾಠ ಮುಗಿದ ಮೇಲೆ ಮಕ್ಕಳು ಮೆಟ್ಟಿಲೇರಿ ಮನೆಗೆ ಹೋಗುತ್ತಾರೆ. ಅಲ್ಲಿಯ ಉಪಾಧ್ಯಾಯರಿಗೆ ಹಗೇವೆಂಬ ಶಬ್ದ ತಿಳಿದಿರಲಾರದು, ಅದರ ಅರ್ಥ ಮಾತ್ರ ತಿಳಿದಿದೆ. ಗ್ಲುಕೊವ್ಸ್ಕಿಯ ಮೂರು ಸಂಪುಟಗಳಲ್ಲಿ ನಾನು ಹುಡುಕಿ ಕಾಣದೆ ಹೋದದ್ದು ಅಂಥದೊಂದು ಶಾಲೆಯನ್ನು. ಕಾಣಲಿಲ್ಲವೆಂಬ ಕೊರತೆ ವಾಚಕನ ಎದೆಯಲ್ಲಿ ಉಳಿಯುವಂತೆ ಮಾಡಿದ್ದು ಆ ಪುಸ್ತಕಗಳೇ ಎಂಬುದನ್ನೂ ಒಪ್ಪಬೇಕು.