ಮೆಟ್ಟಿಲಿಗೆ ಸಂದ ಕೀರ್ತಿ, ನೆಲಕ್ಕೆ ಸಲ್ಲಬೇಕಾದ ಮಾತು

ಮೈಸೂರು ಸೀಮೆಯ ಗೊಂಬೆ ಹಬ್ಬದ ಬಗ್ಗೆ ನವರಾತ್ರಿ ಬಂದಾಗಲೆಲ್ಲ ಪ್ರಕಟವಾಗುವ ಬರಹಗಳು ಮೆಟ್ಟಿಲುಗಳನ್ನೇ ಹೊಗಳುತ್ತವೆ. ಎಷ್ಟು ಮೆಟ್ಟಿಲು, ಎಷ್ಟು ಗೊಂಬೆ, ಈ ಸಲದ ಥೀಮ್ ಏನು, ಬಹುಮಾನ ಯಾರಿಗೆ ಎಂಬಲ್ಲಿಗೆ ವಿಮರ್ಶೆ ಮುಗಿಯುತ್ತದೆ. ಈ ಕೀರ್ತಿ ಉಬ್ಬಿದ್ದು ಎಂದೇ ನನ್ನ ಅಭಿಪ್ರಾಯ. ಹಬ್ಬದ ನಿಜವಾದ ಕೃತಿ ಇರುವುದು ಮೆಟ್ಟಿಲ ಕೆಳಗೆ, ನೆಲದ ಮೇಲೆ ಹರಡಿಕೊಂಡ ಪುಟ್ಟ ಊರಿನಲ್ಲಿ. ಶೆಟ್ಟರ ಅಂಗಡಿ, ಪೈರಿನ ಹೊಲ, ಕನ್ನಡಿಯ ಕೆರೆ, ಒಲೆ, ಒರಳು, ಬೀಸುಕಲ್ಲು ಸೇರಿದ ಈ ಕಿರುಲೋಕವನ್ನು ಯಾರೂ ಗಂಭೀರವಾಗಿ ನೋಡಿಲ್ಲ. ಮನೆಯವರೂ ಅದನ್ನು ‘ಮಕ್ಕಳ ಪಾರ್ಕು’ ಎಂದು ಕರೆದು ಸುಮ್ಮನಾಗುತ್ತಾರೆ.

1610ರಲ್ಲಿ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು ಆರಂಭಿಸಿದ ದಸರಾ, ಅರಮನೆಯ ಗೊಂಬೆ ತೊಟ್ಟಿ, ಮದುವೆಯಲ್ಲಿ ಹೆಣ್ಣಿನ ಜೊತೆ ಬರುವ ಪಟ್ಟದ ಗೊಂಬೆಗಳ ಕಥೆ ಓದುಗರಿಗೆ ಗೊತ್ತಿರುವಂಥದ್ದೇ. ನೇರವಾಗಿ ಶೆಟ್ಟರ ಅಂಗಡಿಗೇ ಬರೋಣ.

ನರಸೀಪುರ ತಾಲ್ಲೂಕಿನ ಸೋಸಲೆಯ ಒಂದು ಮನೆಯಲ್ಲಿ ನೋಡಿದ ಅಂಗಡಿ ಇದು. ಪೇಟ ಸುತ್ತಿ ಹೊಟ್ಟೆ ಬಿಟ್ಟುಕೊಂಡು ಕೂತ ಶೆಟ್ಟರು, ಪಕ್ಕದಲ್ಲಿ ಶೆಟ್ಟಮ್ಮ. ಇಬ್ಬರೂ ಮಣ್ಣಿನವರು, ಬಣ್ಣ ಅಲ್ಲಲ್ಲಿ ಮಾಸಿದೆ. ಮುಂದೆ ಬಾಳೆಲೆಯ ತುಂಡುಗಳ ಮೇಲೆ ಸಾಲುಸಾಲಾಗಿ ಗುಡ್ಡೆಗಳು: ಅಕ್ಕಿ, ರಾಗಿ, ತೊಗರಿಬೇಳೆ, ಹೆಸರುಕಾಳು, ಮೆಣಸು, ಒಂದು ಚೂರು ಬೆಲ್ಲ, ಎರಡು ಅರಿಸಿನದ ಕೊಂಬು. ಕೂತ ಶೆಟ್ಟರ ಎತ್ತರ ನಾಲ್ಕು ಬೆರಳು. ಅಂದರೆ ಹೆಚ್ಚುಕಡಿಮೆ 1:12ರ ಅಳತೆ. ಯುರೋಪು, ಅಮೆರಿಕಗಳಲ್ಲಿ ಗೊಂಬೆಮನೆ ಕಟ್ಟುವ ಹವ್ಯಾಸಿಗಳು ಬಹುಕಾಲದಿಂದ ನೆಚ್ಚಿಕೊಂಡ ಅಳತೆಯೂ ಇದೇ. ಒಂದು ಅಡಿಗೆ ಒಂದು ಅಂಗುಲ.

ಈಗ ಲೆಕ್ಕ ಹಾಕಿ. ರಾಗಿ ಕಾಳಿನ ಅಡ್ಡಳತೆ ಸುಮಾರು ಒಂದೂವರೆ ಮಿಲಿಮೀಟರ್. ಶೆಟ್ಟರ ಕಣ್ಣಿನಲ್ಲಿ ಅದು ಹನ್ನೆರಡು ಪಟ್ಟು ದೊಡ್ಡದು, ಗೋಲಿಯ ಗಾತ್ರದ್ದು. ತೊಗರಿಬೇಳೆ ಒಂದೊಂದೂ ಅವರ ಅಂಗೈ ತುಂಬುತ್ತದೆ. ಆ ಅರಿಸಿನದ ಕೊಂಬನ್ನು ಅವರು ತೋಳಲ್ಲಿ ತಬ್ಬಿ ಎತ್ತಬೇಕು. ಅಳತೆಯ ನಿಯಮದ ಪ್ರಕಾರ ಇಡೀ ಅಂಗಡಿಯೇ ತಪ್ಪು. ಆದರೂ ನೋಡುವವರ ಕಣ್ಣಿಗೆ ಅದು ತಪ್ಪಾಗಿ ಕಾಣುವುದಿಲ್ಲ. ಯಾಕೆ?

ಯಾಕೆಂದರೆ ಅಲ್ಲಿ ಕುಗ್ಗಿರುವುದು ಮನುಷ್ಯ ಮಾತ್ರ, ಧಾನ್ಯ ಕುಗ್ಗಿಲ್ಲ. ರಾಗಿ ರಾಗಿಯಾಗಿಯೇ ಇದೆ. ಗಸಗಸೆಯನ್ನೋ ಬಣ್ಣದ ಮರಳನ್ನೋ ತಂದು ರಾಗಿ ಎಂದು ನಂಬಿಸಿದ್ದರೆ ಅಳತೆ ಸುಧಾರಿಸುತ್ತಿತ್ತು, ಅಂಗಡಿ ಸುಳ್ಳಾಗುತ್ತಿತ್ತು. ಬೇಳೆ ಅಡುಗೆಮನೆಯ ಡಬ್ಬಿಯಿಂದ ಬಂದದ್ದು, ಹಬ್ಬ ಮುಗಿದ ಮೇಲೆ ಅಲ್ಲಿಗೇ ಹಿಂತಿರುಗುವಂಥದ್ದು. ಸಂಜೆ ಬೊಂಬೆ ಬಾಗಿಣಕ್ಕೆ ಬಂದ ಮಗು ಒಂದು ಚೂರು ಬೆಲ್ಲ ಎತ್ತಿ ಬಾಯಿಗೆ ಹಾಕಿಕೊಂಡರೆ ಅದು ಸಿಹಿಯಾಗಿಯೇ ಇರುತ್ತದೆ. ಮರುದಿನ ಅಲ್ಲಿ ಇನ್ನೊಂದು ಚೂರು ಇಡಬೇಕು. ಅಂಗಡಿಗೆ ನಿತ್ಯದ ವ್ಯಾಪಾರ ಬರುವುದು ಹೀಗೆ.

ಹೊಲದ ಮಾತೂ ಇದೇ. ಹಬ್ಬಕ್ಕೆ ಕೆಲವು ದಿನ ಮೊದಲೇ ತಟ್ಟೆಯಲ್ಲಿ ಮಣ್ಣು, ಗೊಬ್ಬರ ಬೆರೆಸಿ ರಾಗಿ ಚೆಲ್ಲುತ್ತಾರೆ. ಸೋಸಲೆಯ ಸುತ್ತ ಇರುವುದು ಕಾವೇರಿ ನೀರಿನ ಭತ್ತದ ಬಯಲು. ಆದರೂ ಗೊಂಬೆಯ ಊರಿನಲ್ಲಿ ಭತ್ತದ ಗದ್ದೆಯಾಗಿ ನಿಲ್ಲುವುದು ರಾಗಿಯ ಮೊಳಕೆಯೇ. ತೆಳು ಮಣ್ಣಿನಲ್ಲಿ ಬೇಗ, ಒತ್ತಾಗಿ, ಸಣ್ಣ ಎಲೆಯಲ್ಲಿ ಏಳುವ ಪೈರು ಅದು. ಪಾಡ್ಯದ ದಿನ ಹಸಿರು ನೂಲಿನಂತಿದ್ದದ್ದು ಸರಸ್ವತಿ ಪೂಜೆಯ ಹೊತ್ತಿಗೆ ಬೆರಳುದ್ದವಾಗಿ, ಪಕ್ಕದಲ್ಲಿ ನಿಲ್ಲಿಸಿದ ಎತ್ತನ್ನು ಮುಚ್ಚುತ್ತದೆ. ಆಗ ಮನೆಯಾಕೆ ಎತ್ತನ್ನು ಬದುವಿನ ಮೇಲಕ್ಕೆ ಸರಿಸಬೇಕು. ದಿನವೂ ಬೆಳೆಯುವ, ದಿನವೂ ತಿದ್ದಿಸಿಕೊಳ್ಳುವ ಕೃತಿ ಇದು. ಹೊಲದ ಪಕ್ಕದಲ್ಲಿಟ್ಟ ಚನ್ನಪಟ್ಟಣದ ಅಡುಗೆ ಸೆಟ್ಟನ್ನೂ ನೋಡಿ. ಚರಕಿಯಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೇ ಬಣ್ಣ ಹತ್ತಿಸಿಕೊಂಡ ಬೀಸುಕಲ್ಲು, ಗೂಟ ಹಿಡಿದರೆ ಗರಗರ ತಿರುಗುತ್ತದೆ. ತಿರುಗದ ಬೀಸುಕಲ್ಲನ್ನು ಮಕ್ಕಳು ಒಪ್ಪುವುದಿಲ್ಲ. ಅವರ ತೀರ್ಪು ಸರಿ.

ಇಲ್ಲಿ ನನ್ನ ಜಗಳ ಎರಡು ಬಗೆಯ ವಿಮರ್ಶಕರ ಜೊತೆ. ಮೊದಲನೆಯವರು ಅಳತೆಯ ಪಕ್ಷಪಾತಿಗಳು. ಬ್ರಿಟನ್ನಿನ ರಾಣಿ ಮೇರಿಗಾಗಿ ವಾಸ್ತುಶಿಲ್ಪಿ ಲುಟ್ಯೆನ್ಸ್ ರೂಪಿಸಿ 1924ರಲ್ಲಿ ಮುಗಿಸಿದ ಗೊಂಬೆಮನೆಯನ್ನು ತೋರಿಸಿ, ನಮ್ಮದು ಬರೀ ಕಲಸುಮೇಲೋಗರ ಎನ್ನುವವರು. ವಿಂಡ್ಸರ್ ಕೋಟೆಯಲ್ಲಿರುವ ಆ ಮನೆ ಅದ್ಭುತವೇ. ನಲ್ಲಿಯಲ್ಲಿ ನೀರು ಬರುತ್ತದೆ, ದೀಪ ಉರಿಯುತ್ತದೆ, ಪುಟ್ಟ ಶೀಸೆಗಳಿಗೆ ನಿಜವಾದ ಮದ್ಯವನ್ನೇ ತುಂಬಿದ್ದಾರೆ. ಆದರೆ ಆ ಮದ್ಯವನ್ನು ಯಾರೂ ಕುಡಿಯುವಂತಿಲ್ಲ. ಆಮ್ಸ್ಟರ್‌ಡ್ಯಾಮಿನ ಸಂಗ್ರಹಾಲಯದಲ್ಲಿರುವ ಪೆಟ್ರೊನೆಲ್ಲಾ ಊರ್ಟ್‌ಮನ್‌ಳ ಹದಿನೇಳನೆಯ ಶತಮಾನದ ಗೊಂಬೆಮನೆಯೂ ನೋಡಿ ಮೆಚ್ಚುವುದಕ್ಕೆ ಮಾತ್ರ ಇರುವ ಸಿರಿವಂತಿಕೆ. ಅವುಗಳ ಗುಣ ಪೂರ್ಣತೆ, ನಮ್ಮದರ ಗುಣ ಬಳಕೆ. ಒಂದರ ಅಳತೆಗೋಲು ಹಿಡಿದು ಇನ್ನೊಂದನ್ನು ಅಳೆಯುವುದು ನ್ಯಾಯವಲ್ಲ.

ಅಳತೆ ಕೂಡದ್ದು ಅರಿಯದವರ ಕೆಲಸ ಎನ್ನುವವರು ಇದೇ ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಹೋಗಿ ಬರಲಿ. ಸೋಮನಾಥ ದಂಡನಾಯಕ 1268ರಲ್ಲಿ ಕಟ್ಟಿಸಿದ ಕೇಶವ ದೇವಾಲಯದ ಹೊರಗೋಡೆಯಲ್ಲಿ ತಳದ ಪಟ್ಟಿಯ ಆನೆ ಮೇಲಿನ ದೇವತೆಗಿಂತ ಎಷ್ಟೋ ಸಣ್ಣದು. ಆನೆಯ ಮೇಲೆ ಕುದುರೆ, ಬಳ್ಳಿ, ಪುರಾಣ, ಮಕರ, ಹಂಸಗಳ ಸಾಲು, ಒಂದೊಂದಕ್ಕೂ ಒಂದೊಂದು ಅಳತೆ. ಆ ಶಿಲ್ಪಿಗಳಿಗೆ ಅಳತೆ ಬರುತ್ತಿರಲಿಲ್ಲ ಎಂದು ಯಾವ ವಿಮರ್ಶಕನೂ ಬರೆದಿಲ್ಲ. ಯಾವುದಕ್ಕೆ ಎಷ್ಟು ಮಹತ್ವವೋ ಅಷ್ಟು ಗಾತ್ರ ಎಂಬ ನಿಯಮವನ್ನು ಕಲ್ಲಿನಲ್ಲಿ ಕಂಡು ಮೆಚ್ಚುವ ನಾವು, ಅದನ್ನೇ ಹೆಂಗಸರು ಪಡಸಾಲೆಯಲ್ಲಿ ಪಾಲಿಸಿದಾಗ ಗುರುತಿಸದೆ ಹೋಗುವುದು ವಿಮರ್ಶೆಯ ಸೋಲು.

ಎರಡನೆಯವರು ಥೀಮಿನ ಅಭಿಮಾನಿಗಳು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಬೊಂಬೆ ಮನೆ’ ಪ್ರದರ್ಶನದ ಮೂಲಕ ಬೇರೆಬೇರೆ ರಾಜ್ಯಗಳ ಗೊಂಬೆಗಳನ್ನು ಒಂದೇ ಸೂರಿನಡಿ ತಂದು, ಕುಶಲಕರ್ಮಿಗಳಿಗೆ ಕೊಳ್ಳುವವರನ್ನು ಒದಗಿಸಿದ್ದು ದೊಡ್ಡ ಕೆಲಸ. ನನ್ನ ತಕರಾರು ಮಾರಾಟದ ಮೇಲಲ್ಲ. ಚಂದ್ರಯಾನವೋ ವೈಕುಂಠವೋ ಇಡಿಯಾಗಿ ಕೊಂಡು ತಂದು, ಥರ್ಮೋಕೋಲಿನ ಮೇಲೆ ಅಂಟಿಸಿ, ದೀಪಮಾಲೆ ಸುತ್ತಿದರೆ ಸೃಷ್ಟಿಯಾಯಿತು ಎನ್ನುವ ಧೋರಣೆಯ ಮೇಲೆ. ಅಂಟಿಸಿದ ಗೊಂಬೆಯನ್ನು ಮರುದಿನ ಸರಿಸಲಾಗದು. ಕೂಡಿಸುವವರ ಯೋಚನೆಗೆ ಅಲ್ಲಿ ಜಾಗವೇ ಉಳಿಯುವುದಿಲ್ಲ.

ಮೆಟ್ಟಿಲಿನ ಪರವಾಗಿಯೂ ಒಂದು ಮಾತು ಹೇಳಬೇಕು. ಪಟ್ಟದ ಗೊಂಬೆಗಳಿಗೆ ಪ್ರತಿ ವರ್ಷ ಹೊಸ ಬಟ್ಟೆ ಹೊಲಿದು ಉಡಿಸುವ ಕೈಗೆಲಸ ನಿಜಕ್ಕೂ ಚೆಂದ. ಆದರೆ ಅದು ಅಲಂಕಾರ, ಲೋಕ ಕಟ್ಟುವ ಕೆಲಸವಲ್ಲ.

ನೆಲದ ಊರಿಗೂ ಒಂದು ದೊಡ್ಡ ದೋಷವಿದೆ, ಅದು ಅಳತೆಯದ್ದಲ್ಲ. ನಾನು ನೋಡಿದ ಈ ಊರುಗಳಲ್ಲಿ ಅಂಗಡಿ ಇದೆ, ಗುಡಿ ಇದೆ, ಮದುವೆ ಮಂಟಪ ಇದೆ, ಕೇರಿ ಇಲ್ಲ. ಗದ್ದೆ ಇದೆ, ನಾಟಿ ಹಾಕುವ ಕೂಲಿ ಹೆಂಗಸರಿಲ್ಲ. ನರಸೀಪುರ, ನಂಜನಗೂಡು ಸೀಮೆಯ ಬೇಸಾಯ ಯಾರ ಬೆನ್ನಿನ ಮೇಲೆ ನಿಂತಿದೆಯೋ ಅವರು ಗೊಂಬೆಯ ಊರಿನೊಳಗೆ ಬಂದೇ ಇಲ್ಲ. ಕೆಲವೇ ಜಾತಿಗಳ ಮನೆಗಳಲ್ಲಿ ಬೆಳೆದ ಹಬ್ಬ ಆ ಮನೆಗಳ ಕಿಟಕಿಗೆ ಕಂಡಷ್ಟೇ ಊರನ್ನು ಕಟ್ಟಿದೆ. ನಿಜವಾದ ರಾಗಿಯನ್ನು ಬಿಟ್ಟು ಬೇರೇನನ್ನೂ ಒಪ್ಪದ ಕಲೆ ನಿಜವಾದ ಊರನ್ನೂ ಒಪ್ಪಬೇಕು. ಹಾಗೆ ಒಪ್ಪಿಕೊಳ್ಳುವ ಶಕ್ತಿ ನೆಲದ ಊರಿಗಿದೆ, ಯಾಕೆಂದರೆ ಅಲ್ಲಿ ಯಾವುದನ್ನೂ ಅಂಟಿಸಿಲ್ಲ. ಕೇರಿಗೆ ಜಾಗ ಬಿಡಲು ಮಂಟಪವನ್ನು ಒಂದು ಗೇಣು ಸರಿಸಿದರೆ ಸಾಕು.

ಆದ್ದರಿಂದ ಗೊಂಬೆ ಸ್ಪರ್ಧೆ ನಡೆಸುವವರು ಮುಂದಿನ ನವರಾತ್ರಿಯಿಂದ ಮೆಟ್ಟಿಲು ಎಣಿಸುವುದನ್ನು ಬಿಡಲಿ. ಅಂಗಡಿಯಲ್ಲಿ ಕಾಳು ನಿಜವೇ, ಬೀಸುಕಲ್ಲು ತಿರುಗುತ್ತದೆಯೇ, ಹೊಲವನ್ನು ಬಿತ್ತಿದವರು ಯಾರು, ಊರಿನಲ್ಲಿ ಎಲ್ಲರಿಗೂ ಮನೆ ಇದೆಯೇ ಎಂದು ಕೇಳಲಿ. ಬಹುಮಾನ ಕೊಡುವುದಾದರೆ ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಮನೆಗೆ ಕೊಡಲಿ.