ಸ್ಮಾರಕಶಿಲೆಗಳಲ್ಲಿ ರಣವನಿತೆ: ಶಿಕಾರಿಪುರ-ಸೊರಬ ಪರಿಸರದ ಒಂದು ಪರಿಶೀಲನೆ

ಯುದ್ಧಕಾಲದ ಹೆಣ್ಣಿಗೆ ಸಂದ ಗೌರವವನ್ನು ಶಿಕಾರಿಪುರ, ಸೊರಬ ತಾಲ್ಲೂಕುಗಳ ಸ್ಮಾರಕಶಿಲೆಗಳಲ್ಲಿ ಹುಡುಕುವವರು ಸಾಮಾನ್ಯವಾಗಿ ಮಾಸ್ತಿಕಲ್ಲಿನ ಎದುರೇ ನಿಂತುಬಿಡುತ್ತಾರೆ. ಗಂಡಿಗೆ ವೀರಗಲ್ಲು, ಹೆಣ್ಣಿಗೆ ಮಾಸ್ತಿಕಲ್ಲು ಎಂಬ ಈ ವಿಂಗಡಣೆ ಅವಸರದ್ದು. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಹತ್ತನೆಯ ಶತಮಾನದ ಶಾಸನವು, ಗಂಡನ ಮರಣಾನಂತರ ನಾಗರಖಂಡ ಎಪ್ಪತ್ತರ ನಾಳ್ಗಾವುಂಡಿಕೆಯನ್ನು ವಹಿಸಿಕೊಂಡ ಜಕ್ಕಿಯಬ್ಬೆಯ ಆಡಳಿತದಕ್ಷತೆಯೊಡನೆ ಪರಾಕ್ರಮವನ್ನೂ ಕೊಂಡಾಡುತ್ತದೆ. ಆಕೆ ಸಹಗಮನ ಮಾಡಲಿಲ್ಲ. ಸಲ್ಲೇಖನದಿಂದ ದೇಹತ್ಯಾಗ ಮಾಡಿದಳು. ಅದೇ ತಾಲ್ಲೂಕಿನ 1446ರ ಶಾಸನದಲ್ಲಿ ತಂದೆಯ ಕೊಲೆಗೆ ಸೇಡು ತೀರಿಸಹೋಗಿ ಕಾದಿ ಮಡಿದ ಮಗಳಿದ್ದಾಳೆ. ಈಕೆಯನ್ನು ಸತಿಯರ ಪಟ್ಟಿಗೆ ಸೇರಿಸುವುದು ಹೇಗೆ?

ಆದರೆ ವೀರಗಲ್ಲಿನ ರಚನೆಯಲ್ಲೇ ಒಂದು ಮಿತಿಯಿದೆ. ಕೆಳಗೆ ಕಾಳಗ, ನಡುವೆ ವೀರನನ್ನೊಯ್ಯುವ ಅಪ್ಸರೆಯರು, ಮೇಲೆ ಸಾಮಾನ್ಯವಾಗಿ ಶಿವಸಾನ್ನಿಧ್ಯ. ಕಾಳಗಕ್ಕೂ ಸ್ವರ್ಗಕ್ಕೂ ನಡುವೆ ಗಾಯಾಳುವಿಗೆ ಎಡೆಯಿಲ್ಲ. ಕಲ್ಲು ನಿಂತದ್ದು ಮಡಿದವನಿಗೆ, ಬದುಕಿ ಮರಳಿದವನಿಗಲ್ಲ. ಹಾಗಾಗಿ ಅವನ ಗಾಯ ತೊಳೆದು ಮದ್ದು ಕಟ್ಟಿದ ಕೈಗಳೂ ಕೆತ್ತನೆಯಿಂದ ಹೊರಗುಳಿದವು. (ಚಾಮರ ಬೀಸುವ ಅಪ್ಸರೆಯನ್ನು ಶುಶ್ರೂಷಕಿಯೆಂದು ಓದುವುದು ಅತಿವ್ಯಾಖ್ಯಾನವಾದೀತು.) ಭಾರತದ ಸೇನಾ ಆಸ್ಪತ್ರೆಗಳಿಗೆ ತರಬೇತಿ ಪಡೆದ ದಾದಿಯರು ಬಂದದ್ದು 1888ರಲ್ಲಿ, ಇಲ್ಲಿ ಈ ಸೇವೆಗೆ ಹುದ್ದೆ, ಪದಕಗಳ ಮನ್ನಣೆ ದೊರೆತದ್ದು ಆ ಬಳಿಕ. ಅದಕ್ಕೂ ಹಿಂದಿನ ಶುಶ್ರೂಷಕಿಯರನ್ನು, ಈ ಎರಡು ತಾಲ್ಲೂಕುಗಳ ಶಾಸನಗಳಿರುವ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳು, ಎಂಟನೆಯ ಸಂಪುಟಗಳಲ್ಲಿ ಅರಸುವುದಕ್ಕಿಂತ ನಾಟಿವೈದ್ಯ ಮನೆತನಗಳ ಬಾಯಿಮಾತಿನಲ್ಲಿ ಅರಸುವುದು ಲೇಸು.